ಬೇಲಿಸಾಲಿನ ಗೋವಿನಜೋಳಕ್ಕೆ 45 ಕೆಜಿ ಯೂರಿಯಾ ಚೀಲ: ಸೊಪ್ಪಿದ್ದರೆ ಎಷ್ಟು ಬೇಕು?

ಬೇವು ಲೇಪಿತ ಯೂರಿಯಾ, 45 ಕೆಜಿ ಚೀಲ, ದರ 266 ರೂಪಾಯಿ 50 ಪೈಸೆ. ಸಾರಜನಕ 46%, ಅಂದರೆ ಚೀಲಕ್ಕೆ 20.7 ಕೆಜಿ. ಈ ದುಡ್ಡಿಗೆ ಇಷ್ಟು ಸಾರಜನಕ ಬೇರೆ ಯಾವ ಗೊಬ್ಬರದಲ್ಲೂ ಸಿಗದು. ಸುಬಾಬುಲ್ ಅಥವಾ ಗ್ಲಿರಿಸಿಡಿಯಾದಂಥ ಸೊಪ್ಪಿನ ಮರಗಳನ್ನು ಹೊಲದಲ್ಲಿ ಬೇಲಿಯಂತೆ ಸಾಲಾಗಿ ಬೆಳೆಸಿ, ನಡುವೆ ಗೋವಿನಜೋಳ ಬಿತ್ತುವವರು ಕೇಳುವುದು ಬೇರೆ: ಸವರಿದ ಸೊಪ್ಪು ಹಾಕಿದರೆ ಎಷ್ಟು ಚೀಲ ಉಳಿಯುತ್ತದೆ? ಮೊದಲ ವರ್ಷ ಎಕರೆಗೆ ಅರ್ಧ ಚೀಲ, ಅಷ್ಟೇ.

ಲೆಕ್ಕ ಹೀಗಿದೆ. 5 ಮೀಟರ್‌ಗೊಂದು ಬೇಲಿಸಾಲು, ನಡುವೆ 60 ಸೆಂ.ಮೀ. ಅಂತರದಲ್ಲಿ 7 ಸಾಲು ಗೋವಿನಜೋಳ. ನೀರಿದ್ದ ಹೊಲದಲ್ಲಿ ಹಂಗಾಮಿಗೆ ಎಕರೆಗೆ 3 ಟನ್ ಹಸಿ ಸೊಪ್ಪು ಬಂತು ಅಂದುಕೊಳ್ಳಿ. ಅದರಲ್ಲಿರುವ ಸಾರಜನಕ ಸುಮಾರು 20 ಕೆಜಿ, ಹೆಚ್ಚುಕಡಿಮೆ ಒಂದು ಚೀಲದಷ್ಟು. ಆದರೆ ಅದೇ ಬೆಳೆಗೆ ದಕ್ಕುವುದು ಕಾಲುಭಾಗದ ಆಸುಪಾಸು. ಯೂರಿಯಾದ ಸಾರಜನಕವೂ ಪೂರ್ತಿ ದಕ್ಕುವುದಿಲ್ಲ, ಹಾಗಾಗಿ ಇದನ್ನು ಅರ್ಧ ಚೀಲಕ್ಕೆ ಸಮ ಅಂತ ಹಿಡಿಯಬಹುದು. ಸೊಪ್ಪಿನಲ್ಲಿ ಉಳಿದದ್ದು ಮಣ್ಣಿನಲ್ಲಿ ಕೂತು ಮುಂದೆ ನಿಧಾನಕ್ಕೆ ಬಿಡುತ್ತದೆ. 'ಸೊಪ್ಪು ಹಾಕಿದೀವಿ, ಯೂರಿಯಾ ಯಾಕ ಬೇಕು' ಅನ್ನುವವರ ತೆನೆಯ ತುದಿ ಕಾಳಿಲ್ಲದೆ ಬೋಳಾಗುವುದು ಇದಕ್ಕೇ.

ನೀರಾವರಿ ಬೆಳೆಗೆ ಎಕರೆಗೆ ಸುಮಾರು 60 ಕೆಜಿ ಸಾರಜನಕ ಬೇಕು. ಬಿತ್ತುವಾಗ ಹಾಕುವ ಒಂದು ಚೀಲ ಡಿಎಪಿಯಿಂದ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 9 ಕೆಜಿ ಬರುತ್ತದೆ. ಉಳಿದದ್ದಕ್ಕೆ ಎರಡೂವರೆ ಚೀಲ ಯೂರಿಯಾ. ಬಿತ್ತಿಗೆಯ ಹೊತ್ತಿನ ಅರ್ಧ ಚೀಲವನ್ನು ಸೊಪ್ಪಿಗೆ ಬಿಟ್ಟು, ಒಂದು ಚೀಲ 30 ದಿನಕ್ಕೆ, ಇನ್ನೊಂದು ಸೂಲಂಗಿ (ಗಿಡದ ತುದಿಯ ಗಂಡು ಹೂ) ಒಡೆಯುವ ಮುಂಚೆ ಕೊಡಿ. ಈ ಕೊನೆಯ ಕಂತನ್ನು ಮಾತ್ರ ಕಡಿಮೆ ಮಾಡಬೇಡಿ.

ಬಿತ್ತುವ ವಾರ-ಹತ್ತು ದಿನ ಮೊದಲು ಬೇಲಿಯನ್ನು ಮೊಣಕಾಲಿನಿಂದ ಸೊಂಟದ ಎತ್ತರದೊಳಗೆ ಸವರಿ, ಎಲೆ ಮತ್ತು ಎಳೆ ಟೊಂಗೆ ಮಾತ್ರ ಮಣ್ಣಿಗೆ ಸೇರಿಸಬೇಕು. ಬೆರಳಿಗಿಂತ ದಪ್ಪನೆಯದು ಒಲೆಗೆ. ಕಟ್ಟಿಗೆ ಕೊಳೆಯುವಾಗ ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ, ಸಸಿ ಹಳದಿಯಾಗುತ್ತದೆ. ಸುಬಾಬುಲ್ ಆದರೆ ಕಾಯಿ ಬಲಿಯುವ ಮೊದಲೇ ಸವರಿ. ಬೀಜ ಸಿಡಿದರೆ ಹೊಲದ ತುಂಬ ಅದೇ ಕಳೆ.

ಎಲ್ಲಕ್ಕಿಂತ ದೊಡ್ಡ ನಷ್ಟ, ಹಾಸಿದ ಸೊಪ್ಪಿನ ಮೇಲೆ ಯೂರಿಯಾ ಎರಚುವುದು. ಕೊಳೆಯುವ ಎಲೆಯ ಮೇಲೆ ಅದು ಬೇಗ ಅಮೋನಿಯ ಆಗಿ ಹಾರಿಹೋಗುತ್ತದೆ. ನಮ್ಮ ಸುಣ್ಣದಂಶದ ಎರೆ ಭೂಮಿಯಲ್ಲಿ ಇದು ಇನ್ನೂ ಜೋರು. ಹೊಲಕ್ಕೆ ಕಾಲಿಟ್ಟಾಗ ಮೂಗಿಗೆ ಕಟುವಾಸನೆ ಹೊಡೆದರೆ ನಿಮ್ಮ ರೊಕ್ಕವೇ ಗಾಳಿಗೆ ಹೋಗುತ್ತಿದೆ ಅನ್ನಿ. ಬುಡದಿಂದ ನಾಲ್ಕು ಬೆರಳು ದೂರ, ಎರಡು ಇಂಚು ಆಳಕ್ಕೆ ಹಾಕಿ, ಎಡೆ ಹೊಡೆದು ಮಣ್ಣು ಮುಚ್ಚಿ, ಆಮೇಲೆ ಎರಡನೇ ಸವರಿಕೆಯ ಸೊಪ್ಪು ಹಾಸಿ. ಕೈಯಿಂದ ತೂರುವಾಗ ಹರಳು ಸುಳಿಯೊಳಗೆ ಬಿದ್ದರೆ ಎಲೆ ಸುಡುತ್ತದೆ, ಅದರಲ್ಲೂ ಬೆಳಗಿನ ಇಬ್ಬನಿ ಇದ್ದಾಗ.

ಮುಧೋಳ, ಜಮಖಂಡಿಯ ನೀರಾವರಿಗೆ ಈ ಪದ್ಧತಿ ಹೊಂದುತ್ತದೆ. ಖಾನಾಪುರ ಕಡೆ ಮಳೆ ಸಾಕಷ್ಟಿರುವುದರಿಂದ ಬೇಲಿ ಚೆನ್ನಾಗಿ ಚಿಗುರುತ್ತದೆ. ಇಂಡಿ, ಸಿಂದಗಿಯ ಒಣಬೇಸಾಯಕ್ಕೆ ಮಾತ್ರ ಶಿಫಾರಸು ಮಾಡಲಾರೆವು: ಮಳೆ ಕೈಕೊಟ್ಟ ವರ್ಷ ಬೇಲಿ ಪಕ್ಕದ ಸಾಲಿನ ನೀರನ್ನು ಮರವೇ ಕುಡಿಯುತ್ತದೆ. ಅಲ್ಲಿ ಗ್ಲಿರಿಸಿಡಿಯಾ ಬದುವಿನ ಮೇಲಿರಲಿ.

ದ್ರವರೂಪದ ನ್ಯಾನೊ ಯೂರಿಯಾ? 4% ಸಾರಜನಕದ ಅರ್ಧ ಲೀಟರ್ ಬಾಟಲಿಯಲ್ಲಿರುವುದು 20 ಗ್ರಾಂ, 20%ದ್ದರಲ್ಲಿ 100 ಗ್ರಾಂ. ಎಲೆಗೆ ಸಿಂಪಡಿಸಲು ಬೇಕಾದರೆ ಇರಲಿ, ಚೀಲದ ಬದಲಿಗೆ ಅಲ್ಲ. ಹಂಗಾಮಿನ ನೂಕುನುಗ್ಗಲಿನಲ್ಲಿ ಯೂರಿಯಾ ಜೊತೆ ಇಂಥದ್ದನ್ನು 'ಲಿಂಕ್' ಅಂತ ಗಂಟು ಹಾಕುವ ಅಂಗಡಿಗಳಿವೆ. ಆಧಾರ್ ತೋರಿಸಿ ಹೆಬ್ಬೆಟ್ಟು ಒತ್ತಿದ ಮೇಲೆ ಯಂತ್ರದಿಂದ ಬರುವ ಬಿಲ್ಲಿನಲ್ಲಿ ಎಷ್ಟು ಚೀಲ, ಎಷ್ಟು ದರ ಅಂತ ಅಲ್ಲೇ ನಿಂತು ಓದಿಕೊಳ್ಳಿ.