ಏಜೆಂಟ್ ಇಲ್ಲದ ಸ್ಕ್ಯಾನ್: ವಲ್ಸ್, ಟ್ರಿವಿ, ಇನ್‌ಸ್ಪೆಕ್ಟರ್ ಓಡಿಸಿ ನೋಡಿದ ಮೇಲೆ

ನಾನು ನೋಡಿಕೊಳ್ಳುವ ಇಸಿ2 (ಅಮೆಜಾನ್ ಕ್ಲೌಡ್‌ನ) ಸರ್ವರ್‌ಗಳು ಮುಂಬೈ ರೀಜನ್‌ನಲ್ಲಿವೆ. ಅವುಗಳ ಸಾಫ್ಟ್‌ವೇರ್‌ನಲ್ಲಿ ಭದ್ರತಾ ದೋಷಗಳಿವೆಯೇ ಅಂತ ಸ್ಕ್ಯಾನ್ ಮಾಡಬೇಕಿತ್ತು. ಕೆಲವು ಉಬುಂಟು 22.04, ಕೆಲವು ಅಮೆಜಾನ್ ಲಿನಕ್ಸ್ 2023. ಜೊತೆಗೆ ಒಂದು ಹಳೇ ಸೆಂಟ್‌ಒಎಸ್ 7. ಅದರ ಮೇಲೆ ಬಿಲ್ಲಿಂಗ್ ಓಡುತ್ತದೆ, ಹೊಸದಾಗಿ ಏಜೆಂಟ್ (ಸರ್ವರ್‌ನೊಳಗೇ ಕೂತು ತಪಾಸಣೆ ಮಾಡುವ ಪ್ರೋಗ್ರಾಮ್) ಹಾಕಲು ಯಾರಿಗೂ ಧೈರ್ಯವಿಲ್ಲ. ಅದಕ್ಕೇ ಏಜೆಂಟ್ ಬೇಡದ ಮೂರು ದಾರಿಗಳನ್ನು, ಅಂದರೆ ಟ್ರಿವಿ, ವಲ್ಸ್, ಅಮೆಜಾನ್ ಇನ್‌ಸ್ಪೆಕ್ಟರ್ ಎಂಬ ಸ್ಕ್ಯಾನರ್‌ಗಳನ್ನು, ಒಂದೊಂದಾಗಿ ನೋಡಿದೆ.

ಟ್ರಿವಿಗೆ ಇಬಿಎಸ್ ಸ್ನ್ಯಾಪ್‌ಶಾಟ್‌ನ (ಸರ್ವರ್ ಡಿಸ್ಕ್‌ನ ಆ ಕ್ಷಣದ ಪ್ರತಿ) ಐಡಿ ಕೊಟ್ಟರೆ ಸಾಕು. ಓಡುತ್ತಿರುವ ಸರ್ವರನ್ನು ಅದು ಮುಟ್ಟುವುದೇ ಇಲ್ಲ. ಸ್ನ್ಯಾಪ್‌ಶಾಟ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಕೆಎಂಎಸ್ ಕೀ (ಅಮೆಜಾನ್‌ನಲ್ಲಿ ಇಟ್ಟಿರುವ ಎನ್‌ಕ್ರಿಪ್ಶನ್ ಕೀ) ಬಳಸಿ ಡಿಕ್ರಿಪ್ಟ್ ಮಾಡುವ ಅನುಮತಿಯೂ ಬೇಕು. ಆದರೆ ಅದು ಎಲ್ಲ ಬಗೆಯ ಡಿಸ್ಕ್ ಓದುವುದಿಲ್ಲ: ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ನಂಥ ಫೈಲ್‌ಸಿಸ್ಟಮ್ ಓದುತ್ತದೆ, ಎಲ್‌ವಿಎಂ (ಡಿಸ್ಕ್‌ಗಳನ್ನು ಸೇರಿಸಿ ಹಂಚುವ ಲಿನಕ್ಸ್ ವ್ಯವಸ್ಥೆ) ಆಗಲ್ಲ. ನಮ್ಮ ಸೆಂಟ್‌ಒಎಸ್‌ನ ರೂಟ್ ಇರುವುದೇ ಎಲ್‌ವಿಎಂ ಮೇಲೆ. ಓಎಸ್ ಹೆಸರು ನೋಡಿ 'ಸಪೋರ್ಟ್ ಇದೆ' ಅಂತ ನಂಬಬಾರದು ಅನ್ನೋದು ಇಲ್ಲೇ ಗೊತ್ತಾಯಿತು. ಮೊದಲು 'ಎಲ್‌ಎಸ್‌ಬಿಎಲ್‌ಕೆ' (lsblk) ಕಮಾಂಡ್ ಹಾಕಿ ಡಿಸ್ಕ್ ಹೇಗಿದೆ ನೋಡಿ.

ವಲ್ಸ್ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತ ಲಾಗಿನ್) ಮೂಲಕ ಸರ್ವರ್ ಒಳಗೆ ಹೋಗಿ ಪ್ಯಾಕೇಜ್ ಪಟ್ಟಿ ಕೇಳುತ್ತದೆ. ಹಾಗಾಗಿ ಎಲ್‌ವಿಎಂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಡೆಬಿಯನ್, ಆಲ್ಪೈನ್, ಫ್ರೀಬಿಎಸ್‌ಡಿ ಎಲ್ಲಕ್ಕೂ ನಡೆಯುತ್ತದೆ. ಕೆಲಸ ಮಾತ್ರ ಜಾಸ್ತಿ. ಪ್ರತಿ ಸರ್ವರ್‌ಗೂ ಯೂಸರ್, ಕೀ, ಪೋರ್ಟ್ ಹೊಂದಿಸಬೇಕು. ಸ್ಕ್ಯಾನ್ ಮಾಡುವ ಮಷೀನ್‌ನಿಂದ ಮೊದಲೇ ಒಂದ್ಸಲ ಲಾಗಿನ್ ಆಗಿ ಹೋಸ್ಟ್ ಕೀ (ಸರ್ವರ್‌ನ ಗುರುತಿನ ಕೀ) ಒಪ್ಪಿಕೊಂಡಿರಬೇಕು.

ಆ ಶ್ರಮಕ್ಕೆ ಬೆಲೆ ಸಿಕ್ಕಿತು. ಒಂದು ಉಬುಂಟುವಿನಲ್ಲಿ ಹೊಸ ಕರ್ನಲ್ (ಓಎಸ್‌ನ ತಿರುಳು) ಹಾಕಿ ರೀಬೂಟ್ ಮಾಡಿರಲಿಲ್ಲ. ಸ್ನ್ಯಾಪ್‌ಶಾಟ್‌ನಲ್ಲಿ ಕಾಣುವುದು ಡಿಸ್ಕ್ ಮೇಲೆ ಏನಿದೆ ಅನ್ನೋದು ಮಾತ್ರ, ಅಲ್ವಾ? ಹೊಸ ಕರ್ನಲ್ಲೂ ಇದೆ, ಹಳೆಯದೂ ಇದೆ. ಈಗ ಓಡುತ್ತಿರುವುದು ಹಳೆಯದು ಅಂತ ವಲ್ಸ್ ತೋರಿಸಿತು. ಅವತ್ತು ರಾತ್ರಿಯೇ ರೀಬೂಟ್ ಮಾಡಿದೆ.

ಅಮೆಜಾನ್ ಇನ್‌ಸ್ಪೆಕ್ಟರ್‌ನ ಹೈಬ್ರಿಡ್ ಮೋಡ್ ಎಲ್ಲಕ್ಕಿಂತ ಸುಲಭ. ಎಸ್‌ಎಸ್‌ಎಂ ಏಜೆಂಟ್ (ಸರ್ವರ್ ನಿರ್ವಹಣೆಗೆ ಅಮೆಜಾನ್ ಕೊಡುವ ಏಜೆಂಟ್) ಇರುವ ಕಡೆ ಅದನ್ನೇ ಬಳಸುತ್ತದೆ. ಇಲ್ಲದ ಕಡೆ 24 ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್ ತೆಗೆದು ನೋಡುತ್ತದೆ. ಸ್ನ್ಯಾಪ್‌ಶಾಟ್ ದಾರಿಗೆ ಮಿತಿಗಳಿವೆ: ಇಎಕ್ಸ್‌ಟಿ3, ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಇರಬೇಕು, ಡಿಸ್ಕ್‌ಗಳು 8ಕ್ಕಿಂತ ಕಡಿಮೆ, ಎಲ್ಲ ಸೇರಿ 1,200 ಜಿಬಿ ದಾಟಬಾರದು. 2 ಟಿಬಿ ಡಿಸ್ಕ್ ಇರುವ ನಮ್ಮ ಲಾಗ್ ಸರ್ವರ್‌ನಲ್ಲಿ ಎಸ್‌ಎಸ್‌ಎಂ ಇಲ್ಲ, ಹಾಗಾಗಿ ಅದು ಲೆಕ್ಕಕ್ಕೇ ಬರಲಿಲ್ಲ. ಇಂಥ ಸರ್ವರ್ ಪಟ್ಟಿಯಲ್ಲಿ ಕಾಣದಿದ್ದರೆ 'ತೊಂದರೆ ಇಲ್ಲ' ಅಂದುಕೊಂಡು ಸುಮ್ನೆ ಕೂರಬೇಡಿ. ಕವರೇಜ್ ಪುಟ ತೆರೆದು ಏಕೆ ಬಿಟ್ಟುಹೋಗಿದೆ ನೋಡಿ.

ಈಗ ಹೆಚ್ಚಿನ ಸರ್ವರ್‌ಗಳಿಗೆ ಇನ್‌ಸ್ಪೆಕ್ಟರ್ ಇಟ್ಟಿದ್ದೇನೆ. ಹೊಸ ಎಎಂಐ (ಹೊಸ ಸರ್ವರ್ ಹುಟ್ಟುಹಾಕುವ ಡಿಸ್ಕ್ ಅಚ್ಚು) ಬಳಕೆಗೆ ಬರುವ ಮೊದಲು ಟ್ರಿವಿ. ಲಾಗ್ ಸರ್ವರ್‌ಗೂ ಸೆಂಟ್‌ಒಎಸ್‌ಗೂ ವಲ್ಸ್. ಸೆಂಟ್‌ಒಎಸ್ 7ಕ್ಕೆ ಪ್ಯಾಚ್ ಬರುವುದು 2024ರ ಜೂನ್ 30ಕ್ಕೇ ನಿಂತಿದೆ. ವಲ್ಸ್ ಕೊಟ್ಟ ಪಟ್ಟಿಯನ್ನೇ ಮ್ಯಾನೇಜರ್ ಮುಂದಿಟ್ಟೆ. ಬಿಲ್ಲಿಂಗ್ ಅನ್ನು ಅಲ್ಲಿಂದ ಎತ್ತಲು ದಿನ ಗೊತ್ತಾಗಿದೆ.