ಟೋಸ್ಟ್‌ಮಾಸ್ಟರ್ಸ್ ಸದಸ್ಯತ್ವ: ಮಾತಿಗೆ ಸಾಣೆ, ಬರಹಕ್ಕೆ ಅರೆನೆರವು

ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣಾಭ್ಯಾಸದ ಕ್ಲಬ್ಬಿಗೆ ಸೇರಬೇಕೆಂದಿರುವವರು ಮೊದಲೇ ತಿಳಿದಿರಬೇಕಾದ ಸಂಗತಿಯೆಂದರೆ, ಅಲ್ಲಿ ಮೇಷ್ಟ್ರು ಇರುವುದಿಲ್ಲ. ಸದಸ್ಯರೇ ಮಾತನಾಡುತ್ತಾರೆ, ಸದಸ್ಯರೇ ಕೇಳುತ್ತಾರೆ, ಮಾತು ಹೇಗಿತ್ತೆಂದು ಎದ್ದುನಿಂತು ಹೇಳುವವರೂ ಸದಸ್ಯರೇ. ರಾಲ್ಫ್ ಸ್ಮೆಡ್ಲಿ 1924ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಪಟ್ಟಣದ ವೈ.ಎಂ.ಸಿ.ಎ.ಯಲ್ಲಿ ಆರಂಭಿಸಿದ ಕೂಟದ ಈ ತತ್ವ, ಬೆಂಗಳೂರಿನ ಐಟಿ ಕಂಪನಿಯ ಮೀಟಿಂಗ್ ಕೋಣೆಯಲ್ಲಿ ಸಂಜೆ ಸೇರುವ ಕ್ಲಬ್ಬಿನಲ್ಲೂ ಹಾಗೆಯೇ ಉಳಿದಿದೆ. ಶುಲ್ಕ ಕಟ್ಟಿ ಕುಳಿತರೆ ಯಾರಾದರೂ ಕಲಿಸಿಯಾರು ಎಂದುಕೊಂಡವರಿಗೆ ಇದು ಹಿಡಿಸುವುದು ಕಷ್ಟ.

ನನ್ನ ಮಟ್ಟಿಗೆ ಇಲ್ಲಿಯ ಅತ್ಯುತ್ತಮ ಪಾಠ ಗಡಿಯಾರದ್ದು. ಹೊಸಬರ ಮೊದಲ ಭಾಷಣಕ್ಕೆ 4ರಿಂದ 6 ನಿಮಿಷ, ಮುಂದಿನ ಬಹುತೇಕ ಭಾಷಣಗಳಿಗೆ 5ರಿಂದ 7 ನಿಮಿಷ. ಏಳು ನಿಮಿಷದ ಭಾಷಣವಾದರೆ ಸಮಯಪಾಲಕರು 5ನೇ ನಿಮಿಷಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು ಕಾರ್ಡನ್ನು ಎತ್ತಿ ತೋರಿಸುತ್ತಾರೆ. ಅದರ ಮೇಲೆ ಸಿಗುವುದು 30 ಸೆಕೆಂಡುಗಳ ರಿಯಾಯಿತಿ ಮಾತ್ರ. ವೇದಿಕೆಯ ಮೇಲಿರುವ ಗಣ್ಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಮುಗಿಸುವುದಕ್ಕೇ ಅಷ್ಟು ಹೊತ್ತು ಹಿಡಿಯುವ ನಮ್ಮ ಸಭೆಗಳನ್ನು ಕಂಡವರಿಗೆ ಈ ಶಿಸ್ತಿನ ಬೆಲೆ ಬೇಗ ಅರ್ಥವಾಗುತ್ತದೆ. ಏಳೇ ನಿಮಿಷವೆಂದು ಗೊತ್ತಾದಾಗ ಪೀಠಿಕೆ ತಾನಾಗಿಯೇ ಉದುರಿಹೋಗಿ, ಹೇಳಬೇಕಾದ ಒಂದು ವಿಷಯ ಮುಂದಕ್ಕೆ ಬರುತ್ತದೆ.

ಎರಡನೆಯದು ವಿಮರ್ಶೆಯ ಪದ್ಧತಿ. ಭಾಷಣ ಮಾಡಿದ ಪ್ರತಿಯೊಬ್ಬರಿಗೂ ಒಬ್ಬ ವಿಮರ್ಶಕರಿದ್ದು, ಅವರು 2ರಿಂದ 3 ನಿಮಿಷಗಳಲ್ಲಿ ಎಲ್ಲರೆದುರು ಅಭಿಪ್ರಾಯ ಹೇಳುತ್ತಾರೆ. ವಿಮರ್ಶಕರು ನುರಿತವರಾಗಿದ್ದರೆ ಇದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ. ಊರ ಕೆರೆಯ ಹೂಳಿನ ಬಗ್ಗೆ ಮಾತನಾಡಿದ ಒಬ್ಬರಿಗೆ, ಕೆರೆ ಹಿಂದೆ ಹೇಗಿತ್ತೆಂಬ ವರ್ಣನೆ ಮೂರನೆಯ ನಿಮಿಷದಲ್ಲಿ ಬಂತು, ಅದು ಮೊದಲೇ ಬಂದಿದ್ದರೆ ಮುಂದಿನ ಅಂಕಿ-ಅಂಶಗಳಿಗೆ ತೂಕ ಬರುತ್ತಿತ್ತು ಎಂದು ವಿಮರ್ಶಕಿ ಹೇಳಿದ್ದು ನೆನಪಿದೆ. ಹೊಗಳಿಕೆಯೂ ಅಲ್ಲದ, ಹುಳುಕು ಹುಡುಕುವುದೂ ಅಲ್ಲದ ಇಂಥ ಮಾತು ಎಲ್ಲ ಕೂಟಗಳಲ್ಲೂ ಸಿಗುತ್ತದೆಂಬ ಖಾತರಿಯಿಲ್ಲ. ಸಹಸದಸ್ಯರನ್ನು ನೋಯಿಸಬಾರದೆಂಬ ಸೌಜನ್ಯ ಹೆಚ್ಚಾದಲ್ಲಿ ವಿಮರ್ಶೆ ಬರಿಯ ಶಹಬ್ಬಾಸ್‌ಗಿರಿಯಾಗುತ್ತದೆ, ಮತ್ತು ಮೇಷ್ಟ್ರಿಲ್ಲದ ವ್ಯವಸ್ಥೆಯಲ್ಲಿ ಇದು ತಪ್ಪಿಸಲಾಗದ ದೌರ್ಬಲ್ಯ.

ಮಾತಿನ ನಡುವೆ ನುಸುಳುವ ‘ಆ...’, ‘ಉಂ...’ ಇತ್ಯಾದಿಗಳನ್ನು ಎಣಿಸಲೆಂದೇ ಒಬ್ಬರನ್ನು ನೇಮಿಸುತ್ತಾರೆ. ಆರಂಭದಲ್ಲಿ ಮುಜುಗರವಾದರೂ ಎಣಿಕೆ ಪ್ರಯೋಜನಕಾರಿಯೇ. ಕನ್ನಡದಲ್ಲಿ ಮಾತನಾಡುವವರು ಮಾತ್ರ ಎಣಿಸುವವರಿಗೆ ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಆಮೇಲೆ’ಗಳನ್ನೂ ಪಟ್ಟಿಗೆ ಸೇರಿಸುವಂತೆ ಕೇಳಿಕೊಳ್ಳುವುದು ಒಳ್ಳೆಯದು, ನಮ್ಮ ತಡವರಿಕೆ ಹೆಚ್ಚಾಗಿ ಅಡಗಿರುವುದು ಅಲ್ಲಿಯೇ. ಅದರ ಜಾಗದಲ್ಲಿ ಬಾಯಿ ಮುಚ್ಚಿ ಒಂದು ಉಸಿರು ತೆಗೆದುಕೊಂಡರೆ ಸಾಕು, ಕೇಳುವವರಿಗೆ ಅದು ತಡವರಿಕೆಯೆಂದು ಅನ್ನಿಸುವುದೇ ಇಲ್ಲ. ಸ್ಥಳದಲ್ಲಿಯೇ ಕೊಟ್ಟ ವಿಷಯದ ಮೇಲೆ 1ರಿಂದ 2 ನಿಮಿಷ ಆಶುಭಾಷಣ ಮಾಡಿಸುವ ಭಾಗವೂ ಇದೆ, ಸಂದರ್ಶನಕ್ಕೆ ಸಿದ್ಧರಾಗುವವರು ಅದನ್ನು ತಪ್ಪಿಸಿಕೊಳ್ಳಬಾರದು.

ಬರವಣಿಗೆಯ ವಿಷಯಕ್ಕೆ ಬಂದರೆ ಈ ಸೇವೆ ಅರ್ಧದಲ್ಲಿಯೇ ಕೈಬಿಡುತ್ತದೆ. ಪಾಥ್‌ವೇಸ್ ಎಂಬ ಆನ್‌ಲೈನ್ ಪಠ್ಯಕ್ರಮದಲ್ಲಿ ಭಾಷಣ ಬರೆಯುವ ಪಾಠ ಇದೆಯಾದರೂ, ಅದು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡ ಪಾಠ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ನಡುವೆ ನಾಲ್ಕು ಉಪವಾಕ್ಯಗಳನ್ನು ತುರುಕಿದರೆ ಓದುಗ ಹೇಗೋ ಹಿಂದಕ್ಕೆ ಹೋಗಿ ನೋಡಿಕೊಂಡಾನು, ಕೇಳುಗನಿಗೆ ಆ ಅವಕಾಶವಿಲ್ಲ. ಆದ್ದರಿಂದ ಬರೆದದ್ದನ್ನು ಗಟ್ಟಿಯಾಗಿ ಓದಿ, ಉಸಿರು ಸಾಲದೆ ಹೋದಲ್ಲೆಲ್ಲ ವಾಕ್ಯವನ್ನು ಎರಡಾಗಿಸಬೇಕು. ‘ಹೋಗುತ್ತಿದ್ದೇನೆ’ ಎಂದು ಬರೆದದ್ದನ್ನು ಬಾಯಲ್ಲಿ ‘ಹೋಗ್ತಿದ್ದೀನಿ’ ಎಂದೇ ಆಡಬೇಕು, ಇಲ್ಲವಾದರೆ ಭಾಷಣ ಕಂಠಪಾಠದಂತೆ ಕೇಳಿಸುತ್ತದೆ. ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್ ಲೆಕ್ಕವೂ ನಮಗೆ ಹೊಂದುವುದಿಲ್ಲ. ವಿಭಕ್ತಿ-ಪ್ರತ್ಯಯಗಳು ಕೂಡಿಕೊಂಡು ನಮ್ಮ ಪದಗಳು ಉದ್ದವಾಗಿರುತ್ತವೆ. ಗಡಿಯಾರ ಮುಂದಿಟ್ಟುಕೊಂಡು ಓದಿ ನೋಡುವುದೊಂದೇ ನಂಬಬಹುದಾದ ಅಳತೆ. ಇವನ್ನೆಲ್ಲ ಪಾಥ್‌ವೇಸ್ ಹೇಳಿಕೊಡುವುದಿಲ್ಲ. ಆದರೆ ಪಡೆದ ಸಲಹೆಗಳನ್ನು ಅಳವಡಿಸಿಕೊಂಡು ಮತ್ತೊಮ್ಮೆ ಭಾಷಣ ಮಾಡಬೇಕೆಂಬ ಒಂದು ಅಭ್ಯಾಸ ಅದರಲ್ಲಿದೆ, ತಿದ್ದಿ ಬರೆಯುವ ರೂಢಿ ಹತ್ತುವುದು ಅಲ್ಲಿಂದ.

ಪಠ್ಯ ತಮಿಳಿನಲ್ಲಿ ದೊರೆಯುತ್ತದೆ, ಕನ್ನಡದಲ್ಲಿ ಇಲ್ಲ. ಇದು ಸಣ್ಣ ಕೊರತೆಯಲ್ಲ. ಬೆಂಗಳೂರಿನ ಬಹುಪಾಲು ಕೂಟಗಳು ಇಂಗ್ಲಿಷಿನಲ್ಲೇ ನಡೆಯುವುದರಿಂದ, ಕನ್ನಡದಲ್ಲಿ ಮಾತನಾಡಲು ಕಲಿಯಬೇಕೆಂಬ ಶಿಕ್ಷಕರು, ಸಂಘಟಕರು, ನಿರೂಪಕರಿಗೆ ಇದನ್ನು ಕಣ್ಣುಮುಚ್ಚಿ ಶಿಫಾರಸು ಮಾಡಲಾರೆ. ಅಂಥವರು ನಾಲ್ಕೈದು ಜನ ಸೇರಿ ಇದೇ ಕ್ರಮವನ್ನು ಗ್ರಂಥಾಲಯದಲ್ಲೋ ಶಾಲೆಯ ಕೊಠಡಿಯಲ್ಲೋ ಅನುಸರಿಸಿದರೆ ಮುಕ್ಕಾಲು ಪಾಲು ಫಲ ಸಿಗುತ್ತದೆ. ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ವಿಷಯ ಮಂಡಿಸಬೇಕಾದವರು ಧಾರಾಳವಾಗಿ ಸೇರಬಹುದು.

ಅಂತರರಾಷ್ಟ್ರೀಯ ಶುಲ್ಕ ಆರು ತಿಂಗಳಿಗೆ 60 ಡಾಲರ್, ಎಂದರೆ ಐದು ಸಾವಿರ ರೂಪಾಯಿಯ ಆಸುಪಾಸು. ಹೊಸ ಸದಸ್ಯರು ಒಮ್ಮೆ ಮಾತ್ರ ಇನ್ನೂ 20 ಡಾಲರ್ ಕೊಡಬೇಕು, ಕೆಲವು ಕ್ಲಬ್ಬುಗಳು ತಮ್ಮ ಖರ್ಚನ್ನೂ ಸೇರಿಸುತ್ತವೆ. ಅವಧಿಗಳು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಆರಂಭವಾಗುತ್ತವೆ. ಅತಿಥಿಯಾಗಿ ಹೋಗಿ ಕೂರುವುದಕ್ಕೆ ಶುಲ್ಕವಿಲ್ಲದಿರುವುದರಿಂದ, ಹಣ ಕಟ್ಟುವ ಮೊದಲು ಎರಡು ಮೂರು ಕೂಟಗಳಿಗೆ ಹೋಗಿ, ಭಾಷಣಗಳಿಗಿಂತ ವಿಮರ್ಶೆಗಳನ್ನು ಗಮನವಿಟ್ಟು ಕೇಳಿ ಆಯ್ಕೆ ಮಾಡಿಕೊಳ್ಳುವುದು ಲೇಸು.