ಹೊಲಿಸುವುದೋ, ಸರ್ಪ್ಲಸ್ ಕೊಳ್ಳುವುದೋ, ಇದ್ದುದನ್ನೇ ತಿದ್ದಿಸುವುದೋ? ತಾಳವಾಡಿ ಕಡೆಯ ಗಂಡಸರ ಬಟ್ಟೆಯ ಲೆಕ್ಕ

ಈರೋಡ್ ಜಿಲ್ಲೆಯ ಬೆಟ್ಟದ ಮೇಲಿನ ತಾಳವಾಡಿ, ಹಾಸನೂರು ಕಡೆಯವರಿಗೆ ಬಟ್ಟೆಯ ವಿಷಯದಲ್ಲಿ ದೊಡ್ಡ ಅನುಕೂಲವೊಂದಿದೆ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ದಾಟಿದರೆ ಈರೋಡಿನ ಜವಳಿ ಪೇಟೆ ಸಿಗುತ್ತದೆ, ಇನ್ನೂ ಮುಂದೆ ತಿರುಪ್ಪೂರಿನ ಬನಿಯನ್ ಪೇಟೆ. ಇತ್ತ ಚಾಮರಾಜನಗರದ ದರ್ಜಿಗಳೂ ದೂರವಿಲ್ಲ. ಇಷ್ಟಿದ್ದೂ ನಮ್ಮ ಗಂಡಸರ ಬೀರುವಿನಲ್ಲಿ ಭುಜ ಇಳಿಬಿದ್ದ ಅಂಗಿ, ಮೊದಲ ಒಗೆತಕ್ಕೇ ತಿರುಚಿಕೊಂಡ ಟೀ ಶರ್ಟು, ಸೊಂಟ ಹಿಡಿಯುವ ಪ್ಯಾಂಟು ತುಂಬಿರುವುದಕ್ಕೆ ದುಡ್ಡಿನ ಕೊರತೆಯೊಂದೇ ಕಾರಣವಲ್ಲ. ಯಾವುದನ್ನು ಹೊಲಿಸಬೇಕು, ಯಾವುದನ್ನು ಸಿದ್ಧವಾಗಿ ಕೊಳ್ಳಬೇಕು ಎನ್ನುವುದು ಅದಲುಬದಲಾಗುತ್ತದೆ. ಹೊಲಿಸಿದ್ದು, ಸರ್ಪ್ಲಸ್ (ರಫ್ತಿಗೆಂದು ಹೊಲಿದು ಉಳಿದ ಸಿದ್ಧ ಬಟ್ಟೆ), ತಿದ್ದಿಸಿದ್ದು, ಈ ಮೂರೂ ದಾರಿಯ ಬಟ್ಟೆಗಳನ್ನು ತೊಟ್ಟು, ಒಗೆದು, ಸವೆಸಿ ನೋಡಿದ ಮೇಲೆ ಬರೆದ ಹೋಲಿಕೆ ಇದು.

ಮೊದಲು ತಿದ್ದಿಸುವುದು, ಏಕೆಂದರೆ ಅತಿ ಅಗ್ಗದ ದಾರಿ ಅದೇ. ಇರುವ ಅಂಗಿಗಳನ್ನೆಲ್ಲ ಒಂದೊಂದಾಗಿ ತೊಟ್ಟು ಭುಜ ನೋಡಿ. ತೋಳು ಕೂಡಿಸಿದ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ಕೂರಬೇಕು. ಅರ್ಧ ಇಂಚು ಆಚೆ ಹೋಗಿದ್ದರೆ ನಡೆಯುತ್ತದೆ. ಒಂದು ಇಂಚಿಗಿಂತ ಹೆಚ್ಚು ಇಳಿದಿದ್ದರೆ ಆ ಅಂಗಿಯ ಆಸೆ ಬಿಡಿ. ತೋಳು ಬಿಚ್ಚಿ ಕಂಕುಳ ಮತ್ತೆ ಕತ್ತರಿಸಿ ಕೂಡಿಸುವ ಕೂಲಿ ಹೊಸ ಅಂಗಿಯ ಹೊಲಿಗೆ ಕೂಲಿಯ ಹತ್ತಿರಕ್ಕೆ ಬರುತ್ತದೆ, ಕೆಲಸವೂ ಅಷ್ಟು ಚಂದ ಬರುವುದಿಲ್ಲ. ಭುಜ ಸರಿಯಿದ್ದು ಮೈ ಮಾತ್ರ ದೊಗಳೆಯಾಗಿದ್ದರೆ ಎರಡೂ ಪಕ್ಕದಲ್ಲಿ ಒಂದೊಂದು ಇಂಚು ಹಿಡಿಸಬಹುದು. ಒಂದೂವರೆ ಇಂಚು ಮೀರಿದರೆ ಕೆಳಗಿನ ಅಂಚಿನ ಬಾಗು ಕೆಡುತ್ತದೆ. ತೋಳಿನ ಉದ್ದವನ್ನು ಕಫ್ ಬಿಚ್ಚಿಯೇ ಕಡಿಮೆ ಮಾಡಿಸಿ, ಆದರೆ ಒಂದು ಇಂಚಿನೊಳಗೆ. ಹೆಚ್ಚು ಕತ್ತರಿಸಿದರೆ ಕಫ್ ಮೇಲಿನ ಸೀಳು ಗಿಡ್ಡವಾಗಿ ತೋಳು ಮಡಿಚಲು ಬರುವುದಿಲ್ಲ.

ಕಾಲರ್ ಮಡಿಕೆಯಲ್ಲಿ ಸವೆದು ನಾರು ಎದ್ದಿದೆ, ಉಳಿದ ಅಂಗಿ ಗಟ್ಟಿಯಾಗಿದೆ ಎಂದಾದರೆ ಎಸೆಯಬೇಡಿ. ಕಾಲರ್ ಬಿಚ್ಚಿ ತಿರುಗಿಸಿ ಮತ್ತೆ ಹೊಲಿಯುವುದು ಹಳೆಯ ದರ್ಜಿಗಳೆಲ್ಲ ಬಲ್ಲ ಕೆಲಸ, ಸವೆದ ಬದಿ ಅಡಿಗೆ ಹೋಗುತ್ತದೆ. ತುದಿಗೆ ಗುಂಡಿ ಇರುವ ಕಾಲರಿಗೆ ಮಾತ್ರ ಇದು ಆಗದು, ಕಾಜ ಎರಡೂ ಬದಿ ಒಂದೇ ರೀತಿ ಕಾಣುವುದಿಲ್ಲ. ಪ್ಯಾಂಟಿನ ಸೊಂಟವನ್ನು ಹಿಂದಿನ ನಡುಹೊಲಿಗೆಯಲ್ಲಿ ಒಂದೂವರೆ ಇಂಚಿನ ತನಕ ಹಿಡಿಸಬಹುದು. ಅದಕ್ಕಿಂತ ಹೆಚ್ಚಾದರೆ ಹಿಂದಿನ ಜೇಬುಗಳೆರಡೂ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ತೊಡೆ ಬಿಗಿಯಾದ, ಆಸನ ಎಳೆಯುವ ಪ್ಯಾಂಟನ್ನು ಯಾರೂ ಸರಿ ಮಾಡಲಾರರು.

ಇನ್ನು ಸರ್ಪ್ಲಸ್. ತಿರುಪ್ಪೂರು ಹೆಣೆದ ಬಟ್ಟೆಯ, ಅಂದರೆ ಟೀ ಶರ್ಟು ಬನಿಯನ್ನಿನ ಊರು. ಅಲ್ಲಿನ ಖಾದರ್‌ಪೇಟೆಯಲ್ಲಿ ರಫ್ತಿಗೆಂದು ಹೊಲಿದು ಉಳಿದದ್ದು, ತಿರಸ್ಕಾರವಾದದ್ದು ಎರಡೂ ಒಂದೇ ರಾಶಿಯಲ್ಲಿ ಬೀಳುತ್ತವೆ. ಈರೋಡಿನ ಗನಿ ಮಾರ್ಕೆಟ್ಟಿನ ವಾರದ ಜವಳಿ ಸಂತೆಯಲ್ಲಿ ಸಗಟು ವ್ಯಾಪಾರವೇ ಹೆಚ್ಚು. ಅಲ್ಲಿ ನಾಲ್ಕಾರು ಜನ ಸೇರಿ ಕೊಂಡರೆ ಲಾಭ, ಒಂದು ಅಂಗಿಗಾಗಿ ಘಾಟಿ ಇಳಿದರೆ ಬಸ್ ಚಾರ್ಜೇ ಉಳಿತಾಯವನ್ನು ತಿಂದುಹಾಕುತ್ತದೆ.

ಟೀ ಶರ್ಟನ್ನು ಮಾತ್ರ ಕಣ್ಣು ಮುಚ್ಚಿ ಸರ್ಪ್ಲಸ್‌ಗೆ ಬಿಡಬೇಕು ಎನ್ನುತ್ತೇನೆ, ಆದರೆ ಕೊಳ್ಳುವಾಗ ಕಣ್ಣು ತೆರೆದಿರಬೇಕು. ಎರಡೂ ಭುಜ ಹಿಡಿದು ಉದ್ದಕ್ಕೆ ಎತ್ತಿ, ಪಕ್ಕದ ಹೊಲಿಗೆ ಎಲ್ಲಿಗೆ ಇಳಿಯುತ್ತದೆ ನೋಡಿ. ಕಂಕುಳಿಂದ ನೇರ ಇಳಿದು ಅಂಚು ಮುಟ್ಟಬೇಕು. ಅಂಚಿನ ಹತ್ತಿರ ಹೊಟ್ಟೆಯ ಕಡೆಗೋ ಬೆನ್ನಿನ ಕಡೆಗೋ ಸರಿದಿದ್ದರೆ ಬಟ್ಟೆ ತಿರುಚಿದೆ ಎಂದೇ ಅರ್ಥ, ಒಗೆದಷ್ಟೂ ಅದು ಹೆಚ್ಚುತ್ತದೆ. ಒಂಟಿ ಎಳೆಯ ನೂಲನ್ನು ದುಂಡು ಹೆಣಿಗೆ ಯಂತ್ರದಲ್ಲಿ ಹೆಣೆದಾಗ ನೂಲಿನ ತಿರುಚು ಬಟ್ಟೆಯೊಳಗೇ ಉಳಿದಿರುತ್ತದೆ. ಹೆಣೆದ ಮೇಲೆ ಬಟ್ಟೆಗೆ ಕೊಡುವ ಹದ ಸರಿಯಾಗದಿದ್ದರೆ ನೀರು ಬಿದ್ದಾಗ ಅದು ಬಿಚ್ಚಿಕೊಳ್ಳುತ್ತದೆ. ಇಸ್ತ್ರಿ ಹಾಕಿ ನೇರ ಮಾಡಿದರೂ ಮುಂದಿನ ಒಗೆತಕ್ಕೆ ಮತ್ತೆ ಅದೇ.

ದಪ್ಪ 180 ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂಗಳಲ್ಲಿ) ಆಸುಪಾಸು ಇದ್ದರೆ ಒಳ್ಳೆಯದು. 140ರದು ಬಿಳಿ ಬಣ್ಣದಲ್ಲಿ ಒಳಗಿನ ಬನಿಯನ್ ತೋರಿಸುತ್ತದೆ. 220 ದಾಟಿದ್ದು ತಾಳವಾಡಿಯ ಬೆಳಗಿನ ಚಳಿಗೆ ಹಿತ, ಸತ್ಯಮಂಗಲದ ಮಧ್ಯಾಹ್ನಕ್ಕೆ ಹಿಂಸೆ. ಕುತ್ತಿಗೆ ಪಟ್ಟಿಯನ್ನು ಎರಡು ಬೆರಳಲ್ಲಿ ಎಳೆದು ಬಿಡಿ, ತಟ್ಟನೆ ಮೊದಲಿನಂತಾಗಬೇಕು. ಮೈಯನ್ನೂ ತೋಳನ್ನೂ ಬಿಸಿಲಲ್ಲಿ ಪಕ್ಕಪಕ್ಕ ಹಿಡಿದು ಬಣ್ಣ ಒಂದೇ ಇದೆಯೇ ನೋಡಿ, ಅಂಗಡಿಯ ಟ್ಯೂಬ್‌ಲೈಟಿನಡಿ ಈ ವ್ಯತ್ಯಾಸ ಕಾಣುವುದಿಲ್ಲ. ಮೇಲಿಂದ ಕೆಳಗೆ ನೇರ ಗೆರೆಯಂತೆ ಕಾಣುವುದು ಸೂಜಿ ಕೆಟ್ಟಾಗ ಬಂದ ದೋಷ, ಅಲ್ಲೇ ಮುಂದೆ ತೂತು ಬೀಳಬಹುದು.

ಅಳತೆಯ ಚೀಟಿ ನಂಬಬೇಡಿ. ಹೊರದೇಶದ ಎಂ ನಮ್ಮ ಎಲ್ ಆಗಿರುವುದು ಸಾಮಾನ್ಯ. ಟೇಪು ಒಯ್ಯಿರಿ, ಅಂಗಿಯನ್ನು ಚಪ್ಪಟೆ ಹಾಸಿ ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ. ನಿಮ್ಮ ಎದೆ 38 ಇಂಚಾದರೆ ಟೀ ಶರ್ಟು 40ರಿಂದ 41, ಗುಂಡಿ ಅಂಗಿ 42ರಿಂದ 43 ಬರಬೇಕು.

ಗುಂಡಿ ಅಂಗಿಯಲ್ಲಿ ಸರ್ಪ್ಲಸ್ಸಿಗೂ ದರ್ಜಿಗೂ ನಿಜವಾದ ಪೈಪೋಟಿ. ಮೈಕಟ್ಟು ಸಮವಾಗಿದ್ದರೆ ಸರ್ಪ್ಲಸ್ ಗೆಲ್ಲುತ್ತದೆ, ಕಾಲರ್ ಮತ್ತು ಕಫ್ ವಿಷಯದಲ್ಲಿ ಕಾರ್ಖಾನೆಯ ಕೆಲಸವನ್ನು ಸಣ್ಣ ಊರಿನ ದರ್ಜಿ ಮುಟ್ಟುವುದು ಕಷ್ಟ. ಕಾಲರ್ ಗಟ್ಟಿ ನಿಲ್ಲಲೆಂದು ಒಳಗೆ ಅಂಟಿಸುವ ಫ್ಯೂಸಿಂಗ್ ಬಟ್ಟೆಗೆ ಶಾಖದ ಜೊತೆ ಒತ್ತಡವೂ ಒಂದೇ ಸಮ ಬೀಳಬೇಕು. ಕೈ ಇಸ್ತ್ರಿಯಲ್ಲಿ ಅದು ಸಿಗದೆ, ನಾಲ್ಕೈದು ಒಗೆತಕ್ಕೆ ಕಾಲರ್ ಮೇಲೆ ಗುಳ್ಳೆ ಏಳುತ್ತದೆ. ಹೊಲಿಸುವುದೇ ಆದರೆ ಅಂಟಿಸುವ ಬದಲು ಹತ್ತಿಯ ಕ್ಯಾನ್ವಾಸ್ ಇಟ್ಟು ಹೊಲಿಯಲು ಹೇಳಿ, ಅದನ್ನೂ ಮೊದಲೇ ನೆನೆಸಿ ಒಣಗಿಸಿರಬೇಕು. ಇಲ್ಲದಿದ್ದರೆ ಒಳಗಿನದು ಕುಗ್ಗಿ ಮೇಲಿನದು ಸುಕ್ಕಾಗುತ್ತದೆ.

ಹೊಟ್ಟೆ ಬಂದು ಭುಜ ಕಿರಿದಾಗಿರುವವರಿಗೆ, ತೋಳು ತುಂಬ ಉದ್ದ ಇರುವವರಿಗೆ ದರ್ಜಿಯೇ ಸರಿ. ಹೊಟ್ಟೆಗೆ ಹಿಡಿಸುವ ಸಿದ್ಧ ಅಂಗಿ ಅಂಥವರ ಭುಜದಿಂದ ಎರಡಿಂಚು ಇಳಿದಿರುತ್ತದೆ.

ಬಟ್ಟೆಯ ಲೆಕ್ಕ ಹೀಗೆ: 58 ಇಂಚು ಅಗಲದ್ದಾದರೆ ಸಾಧಾರಣ ಮೈಯ ತುಂಬು ತೋಳಿನ ಅಂಗಿಗೆ 1.6 ಮೀಟರ್, 36 ಇಂಚಿನದಾದರೆ 2.25 ಮೀಟರ್. ಚೌಕಳಿಯಾದರೆ 15 ಸೆಂಟಿಮೀಟರ್ ಹೆಚ್ಚು ತನ್ನಿ, ಜೇಬಿನ ಗೆರೆ ಎದೆಯ ಗೆರೆಗೆ ಕೂಡಿಸಲು ಬೇಕಾಗುತ್ತದೆ. ಈರೋಡಿನ ಕಟ್ ಪೀಸಿನಲ್ಲಿ ಎಡವುವುದು ಇಲ್ಲೇ: 1.4 ಮೀಟರಿನ ತುಂಡು ಅಗ್ಗವೆಂದು ತಂದರೆ ತೋಳು ಅರ್ಧಕ್ಕೇ ನಿಲ್ಲುತ್ತದೆ. ಹತ್ತಿ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ ದರ್ಜಿಗೆ ಕೊಡಿ. ಹತ್ತಿ ಶೇ. 3ರಿಂದ 5 ಕುಗ್ಗಬಹುದು. 25 ಇಂಚಿನ ತೋಳಿನಲ್ಲಿ ಶೇ. 4 ಎಂದರೆ ಪೂರ್ತಿ ಒಂದು ಇಂಚು, ಕಫ್ ಮಣಿಕಟ್ಟಿನಿಂದ ಮೇಲೇರಿತು ಎಂದೇ ಲೆಕ್ಕ. ದರ್ಜಿಗೆ ಮೈ ಅಳತೆಯ ಜೊತೆ, ನಿಮಗೆ ಅತ್ಯಂತ ಸರಿಹೊಂದುವ ಹಳೆಯ ಅಂಗಿಯನ್ನೂ ಕೊಡಿ. “ಅಣ್ಣಾ, ಭುಜ ಇದರಂತೆ, ಹೊಟ್ಟೆ ಒಂದಿಂಚು ಸಡಿಲ” ಎಂದು ಹೇಳಿದರೆ ಟೇಪಿಗಿಂತ ಬೇಗ ಅರ್ಥವಾಗುತ್ತದೆ. ಹೊಲಿಗೆ ಇಂಚಿಗೆ ಹತ್ತರಿಂದ ಹನ್ನೆರಡು ಬೀಳಬೇಕು. ಬೇಗ ಮುಗಿಸಲು ಏಳೆಂಟಕ್ಕೆ ಇಟ್ಟರೆ ತೋಳಿನ ಸುತ್ತ ಬಾಯಿ ಬಿಡುತ್ತದೆ.

ಪ್ಯಾಂಟಿನಲ್ಲಿ ನನ್ನ ಓಟು ದರ್ಜಿಗೆ, ಜೀನ್ಸ್ ಒಂದನ್ನು ಬಿಟ್ಟು. ಕಾರಣ ಒಳಗಿನ ಮಾರ್ಜಿನ್. ದರ್ಜಿ ಹಿಂಭಾಗದ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತಾನೆ, ಸೊಂಟ ಬೆಳೆದರೆ ಬಿಚ್ಚಿ ಸಡಿಲಿಸಬಹುದು. ಸಿದ್ಧ ಪ್ಯಾಂಟಿನಲ್ಲಿ ಸಾಮಾನ್ಯವಾಗಿ ಅಷ್ಟು ಉಳಿಸಿರುವುದಿಲ್ಲ. ಪಾಲಿಯೆಸ್ಟರ್ ವಿಸ್ಕೋಸ್ ಬೆರೆತ ಬಟ್ಟೆ 58 ಇಂಚಿನದು 1.25 ಮೀಟರ್ ಸಾಕು, ಮಡಿಕೆ ನಿಲ್ಲುತ್ತದೆ, ಮಳೆಗಾಲದಲ್ಲೂ ಬೇಗ ಒಣಗುತ್ತದೆ. ಕೊಡುವಾಗ ಕಾಲ ತುದಿಯನ್ನು ಹೊಲಿಯಬೇಡಿ ಎನ್ನಿ. ನೀವು ತೊಡುವ ಚಪ್ಪಲಿಯೋ ಶೂವೋ ಹಾಕಿ ನಿಂತು ತೋರಿಸಿದ ಮೇಲೆ ಮಡಿಸಿ ಹೊಲಿಸಿ.

ಪಂಚೆ ಬಗ್ಗೆ ಎರಡೇ ಮಾತು. ನಾಲ್ಕು ಮೊಳದ್ದು ಮನೆಗೆ, ಎಂಟು ಮೊಳದ್ದು ಮದುವೆ ಹಬ್ಬಕ್ಕೆ. ಅಂಟುಪಟ್ಟಿ ಹೊಲಿದು ಬರುವ ಪಂಚೆ ಬಸ್ಸಿನಲ್ಲಿ ಧೈರ್ಯ ಕೊಡುತ್ತದೆ, ಆದರೆ ಪಟ್ಟಿಯ ಮುಳ್ಳಿಗೆ ದಾರ ಸಿಕ್ಕಿಕೊಂಡು ಬಟ್ಟೆ ಹರಿಯುತ್ತದೆ. ಒಗೆಯುವ ಮೊದಲು ಪಟ್ಟಿಯನ್ನು ಮುಚ್ಚಿಬಿಡಿ.

5,000 ರೂಪಾಯಿ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಪ್ಯಾಂಟ್ ಬಟ್ಟೆ ಮೀಟರಿಗೆ 300, ಹೊಲಿಗೆ 450 ಎಂದು ಹಿಡಿದರೆ ಒಂದಕ್ಕೆ 825. ಕಡುನೀಲಿ, ಬೂದು ಎರಡು ಪ್ಯಾಂಟಿಗೆ 1,650. ಅಂಗಿ ಬಟ್ಟೆ ಮೀಟರಿಗೆ 200, ಹೊಲಿಗೆ 350 ಎಂದರೆ ಒಂದಕ್ಕೆ 670. ಬಿಳಿ, ತಿಳಿನೀಲಿ ಎರಡಕ್ಕೆ 1,340. ಸರ್ಪ್ಲಸ್ ಟೀ ಶರ್ಟು ಮೂರು, 600. ಹಳೆಯ ನಾಲ್ಕು ಬಟ್ಟೆ ತಿದ್ದಿಸಲು 320. ಒಟ್ಟು 3,910. ಉಳಿದ 1,090 ರೂಪಾಯಿಯನ್ನು ಇನ್ನೊಂದು ಅಂಗಿಗೆ ಹಾಕಬೇಡಿ, ಬೆಲ್ಟಿಗೂ ಶೂಗೂ ಇಟ್ಟುಕೊಳ್ಳಿ. ಎರಡು ಪ್ಯಾಂಟಿಗೂ ಎರಡು ಅಂಗಿಯೂ ಹೊಂದುವುದರಿಂದ ನಾಲ್ಕು ಜೋಡಿ ಆಗಲೇ ಆಗಿವೆ. ಬೆಲೆಗಳು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವೆ, ನಿಮ್ಮೂರಿನ ಕೂಲಿ ಹಾಕಿ ಲೆಕ್ಕ ಮಾಡಿಕೊಳ್ಳಿ.

ಹೊಲಿಸುವ ಬಟ್ಟೆಯನ್ನು ದೀಪಾವಳಿಗೆ ಒಂದು ತಿಂಗಳ ಮೊದಲೇ ದರ್ಜಿಗೆ ತಲುಪಿಸಿ. ಹಬ್ಬದ ವಾರದಲ್ಲಿ ಕೊಟ್ಟ ಅಂಗಿಗೆ ಕ್ಯಾನ್ವಾಸ್ ನೆನೆಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ.